ಬೋರ್ಡ್ ಮುಳುಗಿದರೆ ತಪ್ಪು ಹೊಟ್ಟೆಯದ್ದಲ್ಲ

ಫೋನಿನಲ್ಲಿ ಒಂದು ವಿಡಿಯೊ ಬರುತ್ತದೆ. ದೊಡ್ಡ ದೋಣಿಯೊಂದು ನಿಧಾನಕ್ಕೆ ಹೋಗುತ್ತಿರುತ್ತದೆ, ಅದರ ಹಿಂದೆ ಎದ್ದ ಅಲೆಯ ಮೇಲೆ ಒಬ್ಬ ಹಗ್ಗವನ್ನೂ ಬಿಟ್ಟು ಆರಾಮಾಗಿ ನಿಂತು ಜಾರುತ್ತಿರುತ್ತಾನೆ. ಇದಕ್ಕೆ ವೇಕ್‌ಸರ್ಫಿಂಗ್ ಅಂತ ಹೆಸರು. ವೈಟ್‌ಫೀಲ್ಡಿನಲ್ಲಿ ಶಿಫ್ಟ್ ಮುಗಿಸಿ ರೂಮಿನಲ್ಲಿ ಮಲಗಿ ಇದನ್ನು ನೋಡುವ ನಮ್ಮ ಊರಿನ ಹುಡುಗನಿಗೆ, 'ನಾನೂ ಒಂದು ಬೋರ್ಡ್ ತೆಗೊಂಡ್ರೆ ಹೇಗೆ?' ಅನ್ನಿಸುವುದು ಸಹಜ. ಆದರೆ ವಿಡಿಯೊದಲ್ಲಿರುವವನು 65 ಕಿಲೋ, ನೋಡುತ್ತಿರುವವನು 95 ಕಿಲೋ. ಅಲ್ಲೇ ಆಸೆ ಅರ್ಧಕ್ಕೆ ನಿಲ್ಲುತ್ತದೆ. ಇಲ್ಲವೇ ತಪ್ಪು ಬೋರ್ಡ್ ಮನೆಗೆ ಬರುತ್ತದೆ.

ನನ್ನ ಅಭಿಪ್ರಾಯ ನೇರವಾಗಿದೆ: ತೂಕ ನಾಚಿಕೆಯ ವಿಷಯ ಅಲ್ಲ, ಲೆಕ್ಕದ ವಿಷಯ. ಟೈಲರ್ ಅಳತೆ ತೆಗೆಯದೆ ಅಂಗಿ ಹೊಲಿದರೆ ತಪ್ಪು ಟೈಲರಿನದ್ದು, ಹೊಟ್ಟೆಯದ್ದಲ್ಲ. ಬೋರ್ಡಿಗೂ ಅದೇ ನ್ಯಾಯ.

ಭಾರ ಇರುವವರು ಅಪರೂಪವೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಕುರ್ಚಿಯಲ್ಲಿ ಹತ್ತು ಗಂಟೆ, ಔಟರ್ ರಿಂಗ್ ರೋಡಿನಲ್ಲಿ ಎರಡು ಗಂಟೆ, ರಾತ್ರಿ ಹನ್ನೊಂದಕ್ಕೆ ಪರೋಟ ಅಂತ ಬದುಕುವವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಮೈಗೆ ಕೆಲಸ ಕೊಡುವ ಆಟ ಹೆಚ್ಚು ಬೇಕಾಗಿರುವುದು ಇವರಿಗೇ. ಇವರನ್ನೇ ಮೊದಲ ದಿನ ಸಣ್ಣ ಬೋರ್ಡ್ ಕೊಟ್ಟು ಬೀಳಿಸಿ, ದಡದಲ್ಲಿ ನಿಂತು ನಗಾಡಿದರೆ ಮತ್ತೆ ನೀರಿನ ಕಡೆ ತಲೆ ಹಾಕುವುದಿಲ್ಲ. ನಷ್ಟ ಆಗುವುದು ಅಲ್ಲಿ.

ಈಗ ಲೆಕ್ಕಕ್ಕೆ ಬರೋಣ. ದೋಣಿಗೆ ಎಷ್ಟು ಭಾರ ತುಂಬಿಸಬಹುದು ಅಂತ ಕರಾವಳಿಯವರಿಗೆ ಕಲಿಸಬೇಕಾಗಿಲ್ಲ. ಒಂದು ವಸ್ತು ಒಂದು ಲೀಟರ್ ನೀರನ್ನು ಸರಿಸಿದರೆ ಸುಮಾರು ಒಂದು ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ. ಆದ್ದರಿಂದಲೇ ಬೋರ್ಡಿನ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ಸಮುದ್ರದಲ್ಲಿ ಸರ್ಫಿಂಗ್ ಕಲಿಯುವವರು ಬೋರ್ಡಿನ ಮೇಲೆ ಬೋರಲು ಮಲಗಿ ಕೈಯಿಂದ ನೀರು ತಳ್ಳಿ ಅಲೆ ಹಿಡಿಯಬೇಕು. ಅದಕ್ಕೆ ಬೋರ್ಡ್ ಚೆನ್ನಾಗಿ ತೇಲಬೇಕು. ಹೊಸಬರಿಗೆ ಸಾಮಾನ್ಯ ಲೆಕ್ಕ ಎಂದರೆ, ಮೈತೂಕ ಎಷ್ಟು ಕಿಲೋ ಇದೆಯೋ ಹೆಚ್ಚುಕಮ್ಮಿ ಅಷ್ಟು ಲೀಟರ್. 95 ಕಿಲೋ ಇರುವವನಿಗೆ ಸುಮಾರು 9 ಅಡಿ ಉದ್ದದ, ಅಗಲವಾದ, ದಪ್ಪನೆಯ ಬೋರ್ಡ್ ಬೇಕು. ಮೇಲ್ಭಾಗ ಮೆತ್ತಗಿನ ಫೋಮಿನದ್ದಾಗಿದ್ದರೆ ಒಳ್ಳೆಯದು, ತಲೆಗೆ ತಾಗಿದರೂ ಪೆಟ್ಟು ಕಡಿಮೆ.

ವೇಕ್‌ಸರ್ಫಿಂಗಿನ ಲೆಕ್ಕ ಬೇರೆ. ಅಲ್ಲಿ ಶುರುವಿನಲ್ಲಿ ನಿಮ್ಮನ್ನು ತೇಲಿಸುವುದು ಲೈಫ್ ಜಾಕೆಟ್. ನೀರಿನಲ್ಲಿ ಮಂಡಿ ಮಡಚಿ, ಹಿಮ್ಮಡಿಗಳನ್ನು ಬೋರ್ಡಿನ ಅಂಚಿಗಿಟ್ಟು, ಸುಮಾರು 20 ಅಡಿಯ ಹಗ್ಗ ಹಿಡಿದು ಕಾಯುತ್ತೀರಿ. ದೋಣಿ ನಿಧಾನಕ್ಕೆ ಎಳೆದಾಗ ಎದ್ದು ನಿಲ್ಲುತ್ತೀರಿ, ಮುಂದಕ್ಕೆ ದೂಡುವುದು ದೋಣಿಯ ಅಲೆ. ಹೀಗಾಗಿ ಬೋರ್ಡ್ ಗಿಡ್ಡ ಇದ್ದರೂ ನಡೆಯುತ್ತದೆ. ಹಾಗಂತ ಎಲ್ಲರಿಗೂ ಒಂದೇ ಗಿಡ್ಡ ಅಲ್ಲ. 90 ಕಿಲೋ ಮೇಲಿನವರು 5 ಅಡಿ 2 ಇಂಚಿನಿಂದ 5 ಅಡಿ 8 ಇಂಚಿನವರೆಗಿನ, 21-22 ಇಂಚು ಅಗಲದ, ಮೂತಿ ಮೊಂಡಾಗಿರುವ, ದಪ್ಪನೆಯ ಬೋರ್ಡ್ ನೋಡಬೇಕು. ಅಡಿಯಲ್ಲಿ ಎರಡು-ಮೂರು ದೊಡ್ಡ ಫಿನ್ ಇದ್ದರೆ ಅದು ಅತ್ತಿತ್ತ ಜಾರದೆ ನೇರ ಹೋಗುತ್ತದೆ. ತೆಳ್ಳಗಿನ, ಸಣ್ಣ ಫಿನ್ನಿನ, ಗಿರಕಿ ಹೊಡೆಯಲು ಮಾಡಿದ ಸ್ಕಿಮ್ ಮಾದರಿ ಕಲಿತವರಿಗೆ ಚಂದ, ಹೊಸಬರಿಗೆ ಅಲ್ಲ. ಬೋರ್ಡ್ ಸಣ್ಣದಾದರೆ ಭಾರ ಇರುವವನು ಅಲೆಯಿಂದ ಹಿಂದೆ ಬೀಳುತ್ತಲೇ ಇರುತ್ತಾನೆ, ಹಗ್ಗ ಬಿಡುವ ಕಾಲವೇ ಬರುವುದಿಲ್ಲ.

ಮಾರುವವರು ಕೊಡುವ ಪಟ್ಟಿಯಲ್ಲಿ 'ಇಷ್ಟು ಕಿಲೋವರೆಗೆ' ಅಂತ ಬರೆದಿರುತ್ತದೆ. ನಿಮ್ಮ ತೂಕ ಆ ಗೆರೆಗೆ ತಾಗಿಕೊಂಡಿದ್ದರೆ ಮುಂದಿನ ಸೈಜ್ ತೆಗೆದುಕೊಳ್ಳಿ. ಒದ್ದೆ ಬಟ್ಟೆ, ಜಾಕೆಟ್ಟಿನ ಭಾರವೂ ಸೇರುತ್ತದೆ ಮಾರಾಯ್ರೇ. ಎರಡು ಸೈಜಿನ ನಡುವೆ ಗೊಂದಲ ಇದ್ದರೆ ಹೊಸಬರಿಗೆ ಯಾವಾಗಲೂ ದೊಡ್ಡದೇ ಸರಿ.

ಇನ್ನೊಂದು ತಮಾಷೆಯ ಸತ್ಯ ಇದೆ. ಈ ಆಟದಲ್ಲಿ ಭಾರ ಶತ್ರುವೇ ಅಲ್ಲ. ಒಳ್ಳೆಯ ಅಲೆ ಏಳಲಿ ಅಂತ ವೇಕ್‌ಸರ್ಫ್ ದೋಣಿಯ ಒಳಗಿನ ಟ್ಯಾಂಕಿಗೆ ಬೇಕೆಂದೇ ನೀರು ತುಂಬಿಸುತ್ತಾರೆ. ಕೆಲವು ದೋಣಿಗಳಲ್ಲಿ ಅದು 1000 ಕಿಲೋಗೂ ಹೆಚ್ಚು. ಅಲೆ ಬೇಕಾದ ಬದಿಗೆ ಭಾರದ ಗೆಳೆಯರನ್ನು ಕೂರಿಸುವುದೂ ಉಂಟು. ದೋಣಿಯಲ್ಲಿ ಕೂತಾಗ ಉಪಕಾರಕ್ಕೆ ಬರುವ ತೂಕ, ಬೋರ್ಡ್ ಹತ್ತಿದ ಕೂಡಲೇ ನಗೆಪಾಟಲು ಆಗುವುದು ಯಾವ ನ್ಯಾಯ?

ಈಗ ಕಹಿ ಮಾತು. ದೋಣಿ ನೋಡದೆ ವೇಕ್‌ಸರ್ಫ್ ಬೋರ್ಡ್ ಕೊಳ್ಳಬೇಡಿ. ಈ ಆಟಕ್ಕೆ ಪ್ರೊಪೆಲ್ಲರ್ ದೋಣಿಯ ಹೊಟ್ಟೆಯಡಿಯಲ್ಲಿ ಮರೆಯಾಗಿರುವ, ಅದಕ್ಕೆಂದೇ ಕಟ್ಟಿದ ದೋಣಿ ಬೇಕು. ನಮ್ಮ ಕಡೆ ಕಾಣುವ ಔಟ್‌ಬೋರ್ಡ್ ಇಂಜಿನ್ನಿನ ದೋಣಿಯಲ್ಲಿ ಪ್ರೊಪೆಲ್ಲರ್ ಹಿಂಬದಿಗೆ ಚಾಚಿಕೊಂಡಿರುತ್ತದೆ. ವೇಕ್‌ಸರ್ಫ್ ಮಾಡುವವನು ದೋಣಿಗೆ ತೀರಾ ಹತ್ತಿರ ಇರುತ್ತಾನೆ, ಮುಂದಕ್ಕೆ ಬಿದ್ದರೆ ನೇರ ಬ್ಲೇಡಿಗೆ. 'ಇದರಲ್ಲೂ ಆಗ್ತದೆ, ಏನೂ ಆಗೂದಿಲ್ಲ' ಅಂತ ಯಾರು ಹೇಳಿದರೂ ಒಪ್ಪಬೇಡಿ. ಇದರಲ್ಲಿ ರಿಯಾಯಿತಿ ಇಲ್ಲ.

ನೀರಿನ ಮಾತು ಬೇರೆ. ವೈಟ್‌ಫೀಲ್ಡಿನ ಪಕ್ಕದ ವರ್ತೂರು ಕೆರೆ ನೊರೆಗೆ ಹೆಸರುವಾಸಿ, ಬೆಳ್ಳಂದೂರು ಕೆರೆಯಲ್ಲಂತೂ ಬೆಂಕಿಯೇ ಎದ್ದಿತ್ತು. ಲಕ್ಷಾಂತರ ಜನ ದುಡಿಯುವ ಕಡೆ ಮೈ ಅದ್ದಲು ಯೋಗ್ಯವಾದ ಕೆರೆ ಇಲ್ಲದಿರುವುದು ನಗರದ ನಾಚಿಕೆ. ಈ ನಾಚಿಕೆಯನ್ನು ನಾವು ಯಾರೂ ಹೊಟ್ಟೆಯ ನಾಚಿಕೆಯಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ.

ಹಾಗಾದರೆ ದಾರಿ ಏನು? ದಾರಿ ನಮ್ಮ ಊರಿಗೇ ಹೋಗುತ್ತದೆ. ಶುಕ್ರವಾರ ರಾತ್ರಿ ಪೀಣ್ಯದ ಹತ್ತಿರ ಗೊರಗುಂಟೆಪಾಳ್ಯದಲ್ಲಿ ಮಂಗಳೂರು ಬಸ್ಸಿಗೆ ಕಾಯುವ ಸಾಲು ನೋಡಿ. ಇವರೆಲ್ಲ ಸುಮಾರು 350 ಕಿ.ಮೀ. ದೂರದ ಕಡಲಿಗೇ ಹೋಗುವವರು. ಭಾರತದ ಸರ್ಫಿಂಗ್ ಬೇರು ಬಿಟ್ಟದ್ದು ಅದೇ ಕಡಲಿನಲ್ಲಿ. 2004ರಲ್ಲಿ ಅಮೆರಿಕದ ಜ್ಯಾಕ್ ಹೆಬ್ನರ್ ಮೂಲ್ಕಿಯಲ್ಲಿ ಸರ್ಫ್ ಆಶ್ರಮ ಶುರು ಮಾಡಿದರು. 2007ರಲ್ಲಿ ಕೋಡಿ ಬೆಂಗ್ರೆಯಲ್ಲಿ ಇಶಿತಾ ಮಾಳವೀಯ ಮತ್ತು ತುಷಾರ್ ಪಥಿಯಾನ್ ಶಾಕಾ ಸರ್ಫ್ ಕ್ಲಬ್ ಕಟ್ಟಿದರು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲು, ಮಂಗಳೂರಿನ ಪಣಂಬೂರು ರಾಷ್ಟ್ರೀಯ ಸ್ಪರ್ಧೆಗಳನ್ನು ಕಂಡ ಕಡಲ ತೀರಗಳು. ನಮ್ಮ ಅಜ್ಜಂದಿರು ಕಂಡ ಅದೇ ಕಡಲನ್ನು ನಾವು ಫೋನಿನ ವಿಡಿಯೊದಲ್ಲಿ ಹುಡುಕುತ್ತಿದ್ದೇವೆ!

ಆದ್ದರಿಂದ ನನ್ನ ಸಲಹೆ: ಮೊದಲು ಈಜು ಕಲಿಯಿರಿ. ಮಳೆಗಾಲದಲ್ಲಿ ಕಡಲಿನ ಕಡೆ ಹೋಗಬೇಡಿ. ಮಳೆ ಕಳೆದು ನೀರು ತಣಿದ ಮೇಲೆ ತರಬೇತುದಾರರ ಜೊತೆ ದೊಡ್ಡ ಫೋಮ್ ಬೋರ್ಡ್ ಬಾಡಿಗೆಗೆ ಪಡೆದು ನಾಲ್ಕೈದು ಸಲ ಕಲಿಯಿರಿ. ಬೋರ್ಡಿನ ಮೇಲೆ ಕಾಲು ಊರಿ ನಿಲ್ಲುವ ಸಮತೋಲ ಇಲ್ಲಿ ಬಂದರೆ, ಮುಂದೆ ದುಬೈಯಲ್ಲೋ ಬೇರೆಲ್ಲೋ ಸರಿಯಾದ ವೇಕ್‌ಸರ್ಫ್ ದೋಣಿ ಸಿಕ್ಕಾಗ ಆ ಕಲಿಕೆ ಉಪಯೋಗಕ್ಕೆ ಬರುತ್ತದೆ. ಸ್ವಂತ ಬೋರ್ಡ್ ಕೊಳ್ಳುವ ಮಾತು ಅದರ ನಂತರ. ಐದಡಿಯ ವೇಕ್‌ಸರ್ಫ್ ಬೋರ್ಡನ್ನು ಸಸಿಹಿತ್ಲಿಗೆ ಹೊತ್ತು ತಂದರೆ ಹೊಸಬನಿಗೆ ಅದು ಮುಳುಗುವ ಹಲಗೆ, ಅಷ್ಟೇ.

ಲೈಫ್ ಜಾಕೆಟನ್ನು ಎದೆಯ ಸುತ್ತಳತೆ ನೋಡಿ ಆರಿಸಿ. ನೀರಿನೊಳಗೆ ಮನುಷ್ಯನ ಭಾರ ಕೆಲವೇ ಕಿಲೋ. ಹಾಗಾಗಿ ದಪ್ಪ ಮೈಯವರನ್ನು ಜಾಕೆಟ್ ಎತ್ತುವುದಿಲ್ಲ ಅನ್ನುವುದು ಸುಳ್ಳು. ಬಕಲ್ ಹಾಕಲು ಬಾರದಷ್ಟು ಬಿಗಿ ಇದ್ದರೆ ಅಥವಾ ಭುಜ ಹಿಡಿದು ಎತ್ತಿದಾಗ ಕಿವಿಯವರೆಗೆ ಬಂದರೆ ಮಾತ್ರ ಬೇರೆ ಕೇಳಿ. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ. ಮೈತುಂಬ ಮುಚ್ಚುವ ಲೈಕ್ರಾ ಉಡುಪು ಬಿಸಿಲಿಗೂ ಒಳ್ಳೆಯದು. ಎಷ್ಟೋ ಸರ್ಫರ್‌ಗಳು ತೊಡುವುದು ಅದನ್ನೇ. ಹಾಗಾಗಿ ನಮ್ಮ ಹೆಣ್ಣುಮಕ್ಕಳಿಗೆ ಬಟ್ಟೆ ಒಂದು ಅಡ್ಡಿ ಆಗಬೇಕಾಗಿಲ್ಲ.

ಕೊನೆಗೆ ಕರಾವಳಿಯಲ್ಲಿ ಹೋಂಸ್ಟೇ, ಬೋಟಿಂಗ್, ಬಾಡಿಗೆ ವ್ಯವಹಾರ ನಡೆಸುವ ನಮ್ಮವರಿಗೆ ಒಂದು ಮಾತು. ವ್ಯಾಪಾರ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಪ್ಪಲಿ ಅಂಗಡಿಯಲ್ಲಿ 11ನೇ ನಂಬರ್ ಇಡದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಒಂದೆರಡು 9 ಅಡಿಯ ಬೋರ್ಡ್, ಎರಡು ದೊಡ್ಡ ಜಾಕೆಟ್ ಇಟ್ಟುಕೊಳ್ಳಿ. ಬುಕಿಂಗ್ ಮಾಡುವಾಗಲೇ 'ಕಾಕ, ನಿಮ್ಮ ತೂಕ ಎಷ್ಟು? ಅದಕ್ಕೆ ಸರಿಯಾದ ಬೋರ್ಡ್ ತೆಗೆದಿಡ್ತೇವೆ' ಅಂತ ಮರ್ಯಾದೆಯಲ್ಲಿ ಕೇಳಿ. ಕೇಳಿಸಿಕೊಂಡವರೂ ಹತ್ತು ಕಿಲೋ ಕಡಿಮೆ ಹೇಳಬೇಡಿ. ತಕ್ಕಡಿಗೆ ಸುಳ್ಳು ಹೇಳಬಹುದು, ನೀರಿಗೆ ಹೇಳಲಿಕ್ಕೆ ಆಗೂದಿಲ್ಲ.