ಚಿಕನ್‌ಗೆ ಕೆನೆ ಹಾಕಿದರೆ ತೊನ್ನು ಬರುತ್ತದೆಯೇ? ಹೆದರಬೇಕಾದದ್ದು ಕೆನೆಗಲ್ಲ, ಹಸಿ ಕೋಳಿಗೆ

ಒಂದೇ ಬಾಣಲೆಯಲ್ಲಿ ಅರ್ಧ ಗಂಟೆಗೆ ಸಿದ್ಧವಾಗುವ ಕ್ರೀಮಿ ಚಿಕನ್ ವಿಡಿಯೊಗಳು ಈಗ ಎಲ್ಲರ ಮೊಬೈಲಿನಲ್ಲೂ ಇವೆ. ಅವುಗಳ ಹಿಂದೆಯೇ ಇನ್ನೊಂದು ಫಾರ್ವರ್ಡ್ ಬರುತ್ತದೆ. ಕೋಳಿ ಮಾಂಸದ ಜೊತೆ ಹಾಲು, ಕೆನೆ ಸೇರಿಸಿದರೆ ಹೊಟ್ಟೆಯಲ್ಲಿ ವಿಷವಾಗುತ್ತದೆ, ಮೈಮೇಲೆ ಬಿಳಿ ಮಚ್ಚೆ ಬರುತ್ತದೆ, ಎಲ್ಲರಿಗೂ ತಿಳಿಸಿ ಎನ್ನುವುದು ಅದರ ಸಾರಾಂಶ. ಇದನ್ನು ಓದಿ ಕೆನೆ ಬಿಟ್ಟವರಿದ್ದಾರೆ. ಆದರೆ ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ರಭಸವಾಗಿ ತೊಳೆದು, ಅದೇ ಚಾಕುವಿನಲ್ಲಿ ಸೌತೆಕಾಯಿ ಹೆಚ್ಚುವುದನ್ನು ಬಿಟ್ಟವರು ಕಡಿಮೆ. ಅಪಾಯ ಇರುವುದು ಯಾವುದರಲ್ಲಿ ಎಂಬುದನ್ನು ಒಂದೊಂದಾಗಿ ನೋಡೋಣ.

ತೊನ್ನು ಹೇಗೆ ಬರುತ್ತದೆ?

ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದನ್ನು ತಯಾರಿಸುವ ಜೀವಕೋಶಗಳ ಹೆಸರು ಮೆಲನೊಸೈಟ್. ನಮ್ಮದೇ ದೇಹದ ರೋಗನಿರೋಧಕ ವ್ಯವಸ್ಥೆ ತಪ್ಪಾಗಿ ಈ ಜೀವಕೋಶಗಳ ಮೇಲೆ ದಾಳಿ ಮಾಡಿ ನಾಶಪಡಿಸಿದಾಗ ಆ ಜಾಗ ಬೆಳ್ಳಗಾಗುತ್ತದೆ. ಇದೇ ತೊನ್ನು, ವೈದ್ಯರ ಭಾಷೆಯಲ್ಲಿ ವಿಟಿಲಿಗೊ. ಇದರಲ್ಲಿ ವಂಶವಾಹಿಗಳ ಪಾತ್ರವಿದೆ. ಥೈರಾಯ್ಡ್‌ನಂತಹ ಇತರ ಸ್ವಯಂನಿರೋಧಕ ತೊಂದರೆ ಇರುವವರಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಇದು ಮುಟ್ಟಿದರೆ ಅಂಟುವುದಿಲ್ಲ. ಇದಕ್ಕೂ ಕುಷ್ಠಕ್ಕೂ ಸಂಬಂಧವಿಲ್ಲ. ಕುಷ್ಠ ಬರುವುದು ಒಂದು ಬ್ಯಾಕ್ಟೀರಿಯಾದಿಂದ.

ಕೋಳಿ ಮತ್ತು ಹಾಲು ಒಟ್ಟಿಗೆ ತಿಂದರೆ ತೊನ್ನು ಬರುತ್ತದೆ ಎನ್ನುವುದಕ್ಕೆ ಆಧುನಿಕ ವೈದ್ಯವಿಜ್ಞಾನದಲ್ಲಿ ಆಧಾರವಿಲ್ಲ. ಜಗತ್ತಿನ ಜನರಲ್ಲಿ ಶೇ 0.5ರಿಂದ 2ರಷ್ಟು ಮಂದಿಗೆ ತೊನ್ನು ಇದೆ ಎಂಬುದು ಅಂದಾಜು. ಜೀವನದಲ್ಲಿ ಒಮ್ಮೆಯೂ ಮಾಂಸ ಮುಟ್ಟದವರಿಗೂ ಇದು ಬರುತ್ತದೆ. ಬೆಣ್ಣೆ, ಕೆನೆ ಹಾಕಿದ ಬಟರ್ ಚಿಕನ್ ಉತ್ತರ ಭಾರತದ ಜನಪ್ರಿಯ ಅಡುಗೆ. ಮೊಸರಿನಲ್ಲಿ ನೆನೆಸಿಟ್ಟ ಕೋಳಿಯಿಂದ ಬಿರಿಯಾನಿ ಮಾಡುವುದು ನಮ್ಮ ಊರುಗಳಲ್ಲೂ ಹೊಸದಲ್ಲ.

ಈ ನಂಬಿಕೆ ಎಲ್ಲಿಂದ ಬಂತು? ಆಯುರ್ವೇದದಲ್ಲಿ ವಿರುದ್ಧಾಹಾರ ಎಂಬ ಪರಿಕಲ್ಪನೆ ಇದೆ. ಚರಕ ಸಂಹಿತೆ ಮೀನು ಮತ್ತು ಹಾಲನ್ನು ಒಟ್ಟಿಗೆ ತಿನ್ನಬಾರದು ಎನ್ನುತ್ತದೆ. ಆ ಪದ್ಧತಿಯನ್ನು ಅನುಸರಿಸುವವರು ಅನುಸರಿಸಲಿ. ಆದರೆ ಅದನ್ನು ತೊನ್ನಿಗೆ ಕಾರಣವೆಂದು ಫಾರ್ವರ್ಡ್ ಮಾಡಿದಾಗ ಒಂದು ಕೆಟ್ಟ ಪರಿಣಾಮವಾಗುತ್ತದೆ. ಮಗುವಿನ ಕೆನ್ನೆಯ ಮೇಲೆ ಬಿಳಿ ಮಚ್ಚೆ ಕಂಡ ತಾಯಿ, ತಾನು ಬಡಿಸಿದ ಊಟದಿಂದಲೇ ಹೀಗಾಯಿತು ಎಂದು ಕೊರಗುತ್ತಾಳೆ. ಮನೆಯವರೂ ಆಕೆಯನ್ನೇ ದೂರುತ್ತಾರೆ. ಪಥ್ಯ ಮಾಡುತ್ತಾ ತಿಂಗಳುಗಳು ಕಳೆಯುತ್ತವೆ, ಚರ್ಮರೋಗ ತಜ್ಞರ ಬಳಿ ಹೋಗುವುದು ತಡವಾಗುತ್ತದೆ. ಮಚ್ಚೆ ಹರಡುವುದನ್ನು ತಡೆಯಲು ಮತ್ತು ಬಣ್ಣ ಮರಳಿ ತರಿಸಲು ಇಂದು ಮುಲಾಮು, ಬೆಳಕಿನ ಚಿಕಿತ್ಸೆ ಮುಂತಾದ ದಾರಿಗಳಿವೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ಹೊಟ್ಟೆಯಲ್ಲಿ ಏನಾಗುತ್ತದೆ?

ಹಾಲಿನಲ್ಲೂ ಪ್ರೋಟೀನ್ ಇದೆ, ಕೋಳಿಯಲ್ಲೂ ಪ್ರೋಟೀನ್ ಇದೆ. ಜಠರದ ಆಮ್ಲ ಮತ್ತು ಕಿಣ್ವಗಳು ಎರಡನ್ನೂ ಒಡೆಯುತ್ತವೆ. ಬರೀ ಹಾಲು ಕುಡಿದರೂ ಜಠರದಲ್ಲಿ ಅದು ಒಡೆದೇ ಒಡೆಯುತ್ತದೆ. ಅದು ಜೀರ್ಣಕ್ರಿಯೆಯ ಒಂದು ಹಂತ, ವಿಷವಲ್ಲ. ಕ್ರೀಮಿ ಚಿಕನ್ ತಿಂದ ಕೆಲವರಿಗೆ ಹೊಟ್ಟೆ ಉಬ್ಬರಿಸುವುದು ನಿಜ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದಿರುವುದು ಅಥವಾ ಜಿಡ್ಡು ಹೆಚ್ಚಾಗಿರುವುದು ಇದಕ್ಕೆ ಸಾಮಾನ್ಯ ಕಾರಣ. ಅಂಥವರು ಕೆನೆಯ ಬದಲು ಗೋಡಂಬಿ ಪೇಸ್ಟ್ ಅಥವಾ ತೆಂಗಿನ ಹಾಲು ಬಳಸಬಹುದು.

ನಿಜವಾದ ಅಪಾಯ ಸಿಂಕಿನಲ್ಲಿದೆ

ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಇರಬಹುದು. ಇವು ಜ್ವರ, ಭೇದಿ, ಹೊಟ್ಟೆನೋವು ತರುತ್ತವೆ. ಚಿಕ್ಕ ಮಕ್ಕಳು, ಗರ್ಭಿಣಿಯರು ಮತ್ತು ವೃದ್ಧರಿಗೆ ಅಪಾಯ ಹೆಚ್ಚು. ಕ್ಯಾಂಪೈಲೊಬ್ಯಾಕ್ಟರ್ ಸೋಂಕು ತಗುಲಿದರೆ ಸಾಮಾನ್ಯವಾಗಿ 2ರಿಂದ 5 ದಿನಗಳ ನಂತರ ಲಕ್ಷಣ ಕಾಣುತ್ತದೆ. ಹಾಗಾಗಿ ಭಾನುವಾರದ ಕೋಳಿಯ ತಪ್ಪಿಗೆ ನಾವು ಬುಧವಾರದ ಪಾನಿಪುರಿಯನ್ನು ಬೈಯುತ್ತೇವೆ.

ತೊಳೆದರೆ ಈ ಬ್ಯಾಕ್ಟೀರಿಯಾ ಹೋಗುವುದಿಲ್ಲ, ಹರಡುತ್ತದೆ. ಅಮೆರಿಕದ ಕೃಷಿ ಇಲಾಖೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಳಿ ತೊಳೆದವರ ಪೈಕಿ ಶೇ 60ರಷ್ಟು ಮಂದಿಯ ಸಿಂಕಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಸಿಂಕನ್ನು ಸ್ವಚ್ಛ ಮಾಡಲು ಪ್ರಯತ್ನಿಸಿದ ಮೇಲೂ ಶೇ 14ರಷ್ಟು ಮಂದಿಯ ಸಿಂಕಿನಲ್ಲಿ ಅದು ಉಳಿದಿತ್ತು. ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆಯೂ ಕೋಳಿಯನ್ನು ತೊಳೆಯಬೇಡಿ ಎಂದೇ ಹೇಳುತ್ತದೆ.

ಆದರೆ ನಮ್ಮಲ್ಲಿ ಅಂಗಡಿಯಲ್ಲಿ ಕಣ್ಣೆದುರೇ ಕೊಯ್ದು ಕೊಟ್ಟ ಕೋಳಿಯಲ್ಲಿ ರಕ್ತ, ಪುಕ್ಕದ ಚೂರು ಇರುತ್ತದೆ. ತೊಳೆಯದೆ ಮನಸ್ಸು ಒಪ್ಪುವುದಿಲ್ಲ ಎನ್ನುವವರು ನಲ್ಲಿಯ ಕೆಳಗೆ ಹಿಡಿಯಬೇಡಿ. ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ, ತುಂಡುಗಳನ್ನು ಮೆಲ್ಲಗೆ ಅದ್ದಿ ತೆಗೆಯಿರಿ. ನೀರನ್ನು ಸಿಡಿಯದಂತೆ ಚೆಲ್ಲಿ, ಸಿಂಕು ಮತ್ತು ಕೈಯನ್ನು ಸೋಪು ಹಾಕಿ ತೊಳೆಯಿರಿ. ಸೌತೆಕಾಯಿ, ಈರುಳ್ಳಿ, ಕೊತ್ತಂಬರಿ ಸೊಪ್ಪನ್ನು ಕೋಳಿ ಮುಟ್ಟುವ ಮೊದಲೇ ಹೆಚ್ಚಿಟ್ಟುಕೊಳ್ಳಿ.

ಒಂದೇ ಬಾಣಲೆಯಲ್ಲಿ ತಪ್ಪುವುದು ಎಲ್ಲಿ?

ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಬಿಸಿ. ಮಾಂಸದ ದಪ್ಪ ಭಾಗದ ಒಳಗೂ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕ್ರೀಮಿ ಚಿಕನ್‌ನಲ್ಲಿ ಎಡವಟ್ಟಾಗುವುದು ಇಲ್ಲೇ. ಕೆನೆಯನ್ನು ಮೊದಲೇ ಹಾಕಿದವರು ಅದು ಒಡೆದೀತೆಂಬ ಭಯಕ್ಕೆ ಉರಿ ಸಣ್ಣ ಮಾಡಿ, ಬೇಗ ಇಳಿಸಿಬಿಡುತ್ತಾರೆ. ಗ್ರೇವಿ ರೇಷ್ಮೆಯಂತಿರುತ್ತದೆ, ಕಾಲಿನ ತುಂಡು ಒಳಗೆ ಹಸಿಯಾಗಿರುತ್ತದೆ.

ಪರಿಹಾರ ಸುಲಭ. ಕೋಳಿ ಮೊದಲು, ಕೆನೆ ಕೊನೆಗೆ. ಅರ್ಧ ಕೆಜಿ ತುಂಡುಗಳನ್ನು ಎಣ್ಣೆಯಲ್ಲಿ 5-6 ನಿಮಿಷ ಕೆಂಪಗೆ ಹುರಿಯಿರಿ. ಹೀಗೆ ಹುರಿದರೆ ರಸ ಒಳಗೇ ಲಾಕ್ ಆಗುತ್ತದೆ ಎನ್ನುವುದೂ ತಪ್ಪು ಕಲ್ಪನೆಯೇ. ಹುರಿಯುವುದರಿಂದ ಸಿಗುವುದು ಬಣ್ಣ ಮತ್ತು ಘಮ. ನಂತರ ಈರುಳ್ಳಿ, ಶುಂಠಿ-ಬೆಳ್ಳುಳ್ಳಿ, ಕಾಳುಮೆಣಸು, ಉಪ್ಪು ಹಾಕಿ ಬಾಡಿಸಿ. ಅರ್ಧ ಲೋಟ ನೀರು ಹಾಕಿ, ಮುಚ್ಚಳ ಮುಚ್ಚಿ 20-25 ನಿಮಿಷ ಬೇಯಿಸಿ. ಕೋಳಿ ನೆನೆಸಿಟ್ಟ ಮಸಾಲೆ ಪಾತ್ರೆಯಲ್ಲಿ ಉಳಿದಿದ್ದರೆ ಅದನ್ನು ಈಗಲೇ ಸೇರಿಸಿ, ಕೊನೆಗಲ್ಲ. ಅದರಲ್ಲೂ ಹಸಿ ಮಾಂಸದ ರಸ ಇರುತ್ತದೆ, ಅದೂ ಕುದಿಯಬೇಕು. ಹಸಿ ತುಂಡುಗಳನ್ನು ಮಗುಚಿದ ಸೌಟಿನಲ್ಲೇ ಬಡಿಸಬೇಡಿ.

ಬೆಂದಿದೆಯೇ ಎಂದು ನೋಡಲು ಅಡುಗೆ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅತಿ ದಪ್ಪನೆಯ ತುಂಡನ್ನು ಸೀಳಿ ನೋಡಿ. ನಡುವಿನಿಂದಲೂ ಹಬೆ ಬರಬೇಕು, ಮಾಂಸ ಎಳೆ ಎಳೆಯಾಗಿ ಬಿಡಬೇಕು, ರಸ ತಿಳಿಯಾಗಿರಬೇಕು. ಎಳೆಯ ಬ್ರಾಯ್ಲರ್ ಕೋಳಿಯಲ್ಲಿ ಮಜ್ಜೆಯ ಬಣ್ಣ ಹೊರಗೆ ಜಿನುಗುವುದರಿಂದ, ಪೂರ್ತಿ ಬೆಂದರೂ ಮೂಳೆಯ ಹತ್ತಿರ ಕೆಂಪು ಕಾಣಬಹುದು. ಅನುಮಾನವಿದ್ದರೆ ಇನ್ನೂ ಐದು ನಿಮಿಷ ಬೇಯಿಸಿ. ಗ್ರೇವಿಯಲ್ಲಿರುವ ಕೋಳಿ ಅಷ್ಟಕ್ಕೆ ಒಣಗುವುದಿಲ್ಲ.

ಈಗ ಉರಿ ಸಣ್ಣ ಮಾಡಿ ಅರ್ಧ ಬಟ್ಟಲು ಕೆನೆ ಹಾಕಿ, ಎರಡು ನಿಮಿಷ ಕಲಸಿ ಇಳಿಸಿ. ಮೊಸರು ಬಳಸುವುದಾದರೆ ಒಂದು ಚಮಚ ಕಡಲೆ ಹಿಟ್ಟು ಸೇರಿಸಿ ಕಡೆದುಕೊಂಡು, ಸಣ್ಣ ಉರಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಹಿಟ್ಟಿನ ಹಸಿ ವಾಸನೆ ಹೋಗುವ ತನಕ ಕುದಿಸಿ. ಹಿಟ್ಟಿನ ಪಿಷ್ಟ ಮೊಸರಿನ ಪ್ರೋಟೀನ್ ಗಂಟುಕಟ್ಟುವುದನ್ನು ತಡೆಯುತ್ತದೆ. ನಿಂಬೆ ರಸವನ್ನು ಒಲೆ ಆರಿಸಿದ ಮೇಲೆ ಹಿಂಡಿ.

ಒಡೆದ ಗ್ರೇವಿ ಕೆಟ್ಟ ಗ್ರೇವಿಯೇ?

ಅಲ್ಲ. ಬಿಸಿ ಮತ್ತು ಹುಳಿ ಹೆಚ್ಚಾದಾಗ ಹಾಲಿನ ಪ್ರೋಟೀನ್ ಗಟ್ಟಿಯಾಗಿ, ನೀರು ಮತ್ತು ಜಿಡ್ಡು ಬೇರೆಯಾಗುತ್ತವೆ. ಪನೀರ್ ಮಾಡುವಾಗ ನಾವು ಹಾಲನ್ನು ಒಡೆಸುವುದೂ ಹೀಗೆಯೇ. ನೋಟ ಕೆಡುತ್ತದೆ, ಊಟ ಕೆಡುವುದಿಲ್ಲ. ಕೆಡುವುದು ರಾತ್ರಿಯಿಡೀ ಒಲೆಯ ಮೇಲೆ ಬಿಟ್ಟಾಗ. ಉಳಿದದ್ದನ್ನು ಅಗಲ ಪಾತ್ರೆಗೆ ಹಾಕಿ ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡಿ. ಮರುದಿನ ಒಡೆದೀತೆಂದು ಉಗುರುಬೆಚ್ಚಗೆ ಮಾಡಿ ತಿನ್ನಬೇಡಿ, ಚೆನ್ನಾಗಿ ಕುದಿಸಿ. ರಾತ್ರಿಯಿಡೀ ಹೊರಗಿದ್ದದ್ದನ್ನು ಮಾತ್ರ ಕುದಿಸಿ ಉಳಿಸಿಕೊಳ್ಳಲು ಹೋಗಬೇಡಿ. ಕೆಲವು ಬ್ಯಾಕ್ಟೀರಿಯಾಗಳು ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ.

ಮುಂದಿನ ಸಲ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಆ ತೊನ್ನಿನ ಸಂದೇಶ ಬಂದರೆ ಅದನ್ನು ಅಲ್ಲಿಗೇ ನಿಲ್ಲಿಸಿ. ಕಳಿಸಲೇಬೇಕೆಂದರೆ ಇಷ್ಟು ಕಳಿಸಿ: ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಒಳಗಿನ ತನಕ ಬೇಯಿಸಿ, ಕೆನೆಯನ್ನು ಕೊನೆಗೆ ಹಾಕಿ. ಮೈಮೇಲೆ ಬಿಳಿ ಮಚ್ಚೆ ಕಂಡವರು ಅಡುಗೆಮನೆಯಲ್ಲಿ ಕಾರಣ ಹುಡುಕದೆ ಚರ್ಮರೋಗ ತಜ್ಞರನ್ನು ಕಾಣಲಿ.