ಎಳೆ ಹರಿದರೆ ಮಗ್ಗ ನಿಲ್ಲಬೇಕು

ಇತ್ತೀಚೆಗೆ ನಮ್ಮ ಸಮಾಜದಲ್ಲಿ ವರ ನೋಡುವ ಮಾತು ಬಂದರೆ ಮೊದಲನೆಯ ಪ್ರಶ್ನೆ, ‘ಹುಡುಗ ಯಾವ ಕಂಪನಿಯಲ್ಲಿದ್ದಾನೆ?’ ಎರಡನೆಯದು, ‘ಪ್ಯಾಕೇಜ್ ಎಷ್ಟು?’ ಮೂರನೆಯದು, ‘ಫಾರಿನ್ನಿಗೆ ಹೋಗುವ ಸಂಭವವಿದೆಯೇ?’ ಈ ಮೂರಕ್ಕೂ ಉತ್ತರ ಸಿಕ್ಕಿತೆಂದರೆ ಸಾಖರಪುಡಾಕ್ಕೆ ದಿನ ಗೊತ್ತುಮಾಡುವುದೊಂದೇ ಬಾಕಿ. ಆ ಹುಡುಗ ಕಂಪನಿಯಲ್ಲಿ ದಿನ ಹೇಗೆ ಕಳೆಯುತ್ತಾನೆ, ಮೇಲಿನವರ ಮುಂದೆ ಬಾಯಿಬಿಟ್ಟು ಮಾತನಾಡುವ ಸ್ಥಿತಿ ಇದೆಯೋ ಇಲ್ಲವೋ ಎಂದು ಕೇಳಿದವರನ್ನು ನಾವು ಇನ್ನೂ ಕಂಡಿಲ್ಲ.

ಮೈಂದರ್ಗಿಯಂಥ ಗಡಿ ಊರುಗಳಿಂದ ಹಿಂದೆ ಹುಡುಗರು ಸೊಲ್ಲಾಪುರದ ಗಿರಣಿಗೋ, ಪೇಟೆಯ ಅಡತಿ ಅಂಗಡಿಗೋ ಹೋಗುತ್ತಿದ್ದರು. ಸಂತೆಗೋ ಹಬ್ಬಕ್ಕೋ ಊರಿಗೆ ಬಂದಾಗ ಅವರ ಮುಖ ನೋಡಿದರೆ ಯಜಮಾನ ಹೇಗಿದ್ದಾನೆಂದು ಮನೆಯವರಿಗೆ ತಿಳಿಯುತ್ತಿತ್ತು. ಈಗ ಮಕ್ಕಳು ಪುಣೆಯ ಹಿಂಜವಡಿಯಲ್ಲಿ, ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ, ಹೈದರಾಬಾದಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಫೋನು ಮಾಡಿದರೆ ‘ಎಲ್ಲಾ ಆರಾಮ’ ಎನ್ನುತ್ತಾರೆ. ಅದು ನಿಜವೇ ಎಂದು ಅಳೆಯುವ ಕೋಲು ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಈ ತಿಂಗಳು ಇದನ್ನೇ ಕುರಿತು ನಾಲ್ಕು ಮಾತು ಬರೆಯುತ್ತಿದ್ದೇವೆ.

ತಂಪು ಕಟ್ಟಡ, ಕ್ಯಾಂಟೀನು, ಮನೆಯಿಂದ ಒಯ್ಯುವ ಬಸ್ಸು, ಆಟದ ಕೋಣೆ ಇವೆಲ್ಲ ಸೌಕರ್ಯಗಳು. ಇವು ಇರಲಿ, ಬೇಡವೆನ್ನುವವರು ಯಾರು? ಆದರೆ ಕಂಪನಿಯ ಒಳಗಿನ ಆರೋಗ್ಯ ಇವುಗಳಿಂದ ತಿಳಿಯುವುದಿಲ್ಲ. ಕೆಳಗಿನವನ ಕಣ್ಣಿಗೆ ಬಿದ್ದ ತಪ್ಪು ಮೇಲಿನವನ ಕಿವಿಗೆ ಹೆದರಿಕೆಯಿಲ್ಲದೆ, ಬೇಗನೆ ತಲುಪುತ್ತದೆಯೇ? ಇದೊಂದನ್ನು ನೋಡಿದರೆ ಸಾಕೆಂದು ನಮ್ಮ ಅಭಿಪ್ರಾಯ.

ಸೊಲ್ಲಾಪುರದ ಚಾದರ, ಟಾವೆಲ್ ವ್ಯಾಪಾರ ಬಲ್ಲವರಿಗೆ ಇದನ್ನು ಮಗ್ಗದ ಉದಾಹರಣೆಯಿಂದ ಹೇಳಬಹುದು. ನಾಲ್ಕಾರು ಮಗ್ಗ ನೋಡಿಕೊಳ್ಳುವ ಒಬ್ಬ ಮನುಷ್ಯನ ಕಣ್ಣು ತಪ್ಪಿ ಒಂದು ಎಳೆ ಹರಿಯಿತೆನ್ನಿ. ಮಗ್ಗ ಓಡುತ್ತಲೇ ಇರುತ್ತದೆ, ದೋಷವೂ ನೆಯ್ಗೆಯಲ್ಲಿ ಸೇರುತ್ತಲೇ ಹೋಗುತ್ತದೆ. ಜಪಾನಿನ ಸಾಕಿಚಿ ಟೊಯೋಡಾ ಎಂಬವರು 1924ರಲ್ಲಿ ಎಳೆ ಹರಿದ ಕೂಡಲೆ ತಾನಾಗಿ ನಿಲ್ಲುವ ಸ್ವಯಂಚಾಲಿತ ಮಗ್ಗವನ್ನು ಸಿದ್ಧಪಡಿಸಿದರು. ಅದು ಎಷ್ಟು ಚೆನ್ನಾಗಿತ್ತೆಂದರೆ, 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಒಂದು ಲಕ್ಷ ಪೌಂಡಿಗೆ ಅದರ ಹಕ್ಕು ಪಡೆಯಿತು. ಅವರ ಮಗ ಕಿಇಚಿರೋ ಕಾರಿನ ಉದ್ಯೋಗಕ್ಕೆ ಇಳಿದರು. ಟೊಯೋಟಾ ಕಾರು ಕಂಪನಿ ಹುಟ್ಟಿದ್ದು ಹೀಗೆ. ಇದೇ ಕಂಪನಿ ಕಿರ್ಲೋಸ್ಕರ್ ಮನೆತನದ ಜೊತೆಗೂಡಿ 1997ರಲ್ಲಿ ಬೆಂಗಳೂರಿನ ಬಳಿಯ ಬಿಡದಿಯಲ್ಲಿ ಸಂಸ್ಥೆ ಸ್ಥಾಪಿಸಿತು. ಟೊಯೋಟಾ ಪದ್ಧತಿಯಲ್ಲಿ ಸಾಮಾನ್ಯ ಕೆಲಸಗಾರನೂ ದೋಷ ಕಂಡರೆ ಮೇಲಿನ ಹಗ್ಗ ಎಳೆದು ಕೂಗಬಹುದು. ಮೇಲ್ವಿಚಾರಕ ಬಂದು ನೋಡುತ್ತಾನೆ. ದೋಷ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಹಗ್ಗ ಎಳೆದವನನ್ನು ಬೈಯುವುದಿಲ್ಲ.

ಕಂಪ್ಯೂಟರ್ ಕಂಪನಿಯಲ್ಲಿ ಹರಿದ ಎಳೆ ಕಣ್ಣಿಗೆ ಕಾಣುವುದಿಲ್ಲ. ಪ್ರೋಗ್ರಾಂ ಬರೆಯುವ ಹುಡುಗನಿಗೆ ಮಾತ್ರ ಗೊತ್ತು. ಅವನು ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ. ನಮ್ಮ ತಮ್ಮನ ಮಗ ಪುಣೆಯಲ್ಲಿ ಎರಡು ಕಂಪನಿ ನೋಡಿದ್ದಾನೆ. ಮೊದಲನೆಯ ಕಡೆ, ‘ಈ ತಾರೀಖಿಗೆ ಕೆಲಸ ಮುಗಿಯುವುದಿಲ್ಲ, ಲೆಕ್ಕ ತಪ್ಪು ಬರುತ್ತಿದೆ’ ಎಂದದ್ದಕ್ಕೆ ಮ್ಯಾನೇಜರು ಎಲ್ಲರೆದುರು ಹೀಯಾಳಿಸಿದರಂತೆ. ಅಂದಿನಿಂದ ಆ ತಂಡದಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ಮಾಲು ತಾರೀಖಿಗೆ ಹೋಯಿತು, ಗಿರಾಕಿಯಲ್ಲಿ ಕೆಟ್ಟು ನಿಂತಿತು, ಹುಡುಗರು ಹದಿನೈದು ರಾತ್ರಿ ಕೂತು ಸರಿಪಡಿಸಿದರು. ‘ದೊಡ್ಡಪ್ಪಾ, ಕೆಲಸದ ಭಾರ ತಡಕೋಬಹುದರಿ. ಗೊತ್ತಿದ್ದೂ ಸುಮ್ಮ ಕುಂಡ್ರೂದು ತಡಕೊಳ್ಳಾಕ ಆಗೂದಿಲ್ಲ’ ಎಂದು ಅವನು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ.

ಎರಡನೆಯ ಕಂಪನಿಯಲ್ಲಿ ಏನಾದರೂ ಕೆಟ್ಟರೆ ಮರುದಿನ ಎಲ್ಲರೂ ಕೂತು ಬರೆದಿಡುತ್ತಾರಂತೆ: ಏನಾಯಿತು, ಯಾವ ಹಂತದಲ್ಲಿ ತಡೆಯಬಹುದಿತ್ತು, ಮುಂದೆ ಏನು ಮಾಡಬೇಕು. ‘ಯಾರು ಮಾಡಿದರು’ ಎಂಬ ಕಲಮು ಅದರಲ್ಲಿ ಇಲ್ಲ. ಗೂಗಲ್ ಸಂಸ್ಥೆಯ ಇಂಜಿನಿಯರರು 2016ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ ಇದೇ ಪದ್ಧತಿಯ ವಿವರಣೆ ಇದೆ. ಅದೇ ಗೂಗಲ್ ತನ್ನ 180ಕ್ಕೂ ಹೆಚ್ಚು ತಂಡಗಳನ್ನು ಪರಿಶೀಲಿಸಿ, ತಂಡದಲ್ಲಿ ಎಷ್ಟು ಜಾಣರಿದ್ದಾರೆ ಎಂಬುದಕ್ಕಿಂತ ಹೆದರಿಕೆಯಿಲ್ಲದೆ ಮಾತನಾಡಬಹುದೇ ಎಂಬುದೇ ಮುಖ್ಯವೆಂದು ಕಂಡುಕೊಂಡಿತು.

ನಮ್ಮಂಥ ವ್ಯಾಪಾರಸ್ಥರು ಇಲ್ಲಿ ಒಂದು ಮಾತು ಕೇಳುತ್ತಾರೆ: ಹೆಸರು ಹಿಡಿಯದಿದ್ದರೆ ಶಿಸ್ತು ಉಳಿಯುವುದು ಹೇಗೆ? ಪ್ರಶ್ನೆ ಸರಿಯಾಗಿದೆ. ಗಲ್ಲೆಗೆ ಕೈ ಹಾಕುವುದು ಬೇರೆ, ತೂಕದಲ್ಲಿ ಕಣ್ಣು ತಪ್ಪುವುದು ಬೇರೆ. ಮೊದಲನೆಯವನಿಗೆ ಶಿಕ್ಷೆ ಆಗಲೇಬೇಕು. ಎರಡನೆಯವನು ತಾನಾಗಿ ಬಂದು, ‘ಶೇಟಜೀ, ತೂಕ ತಪ್ಪಿತು’ ಎಂದರೆ ಅವನನ್ನು ಬೈದು ಕಳಿಸುವ ಯಜಮಾನ ಮುಂದಿನ ಹತ್ತು ತಪ್ಪುಗಳಿಗೆ ಮುಸುಕು ಹಾಕಿದಂತೆ.

ಮುಸುಕಿನ ಪರಿಣಾಮ ಏನೆಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ತೋರಿಸಿತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಅವರೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ ಹಣದಲ್ಲಿ ಐದು ಸಾವಿರ ಕೋಟಿಗೂ ಮಿಕ್ಕಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಮೊದಲು ಸಣ್ಣದಾಗಿದ್ದ ಅಂತರ ವರ್ಷವರ್ಷಕ್ಕೂ ಬೆಳೆದಿತ್ತು. ಮುಚ್ಚಿದವರು ಮೇಲಿನವರು, ರಾತ್ರಿ ನಿದ್ದೆ ಹಾರಿದ್ದು ಸುಮಾರು ಐವತ್ತು ಸಾವಿರ ನೌಕರರ ಮನೆಗಳಲ್ಲಿ.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. 1974ರ ಸುಮಾರಿಗೆ ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಎಂಬ ವಿದ್ಯಾರ್ಥಿನಿ ಬೆಂಗಳೂರಿನಲ್ಲಿ ಓದುತ್ತಿದ್ದಾಗ, ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂಬ ಟೆಲ್ಕೋ ಜಾಹೀರಾತು ಕಂಡು ಸಿಟ್ಟಿನಿಂದ ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡು ಬರೆದರು. ಕಾರ್ಡು ಕಸದ ಬುಟ್ಟಿಗೆ ಹೋಗಲಿಲ್ಲ. ಪುಣೆಗೆ ಸಂದರ್ಶನಕ್ಕೆ ಕರೆ ಬಂತು, ಇಂಜಿನಿಯರ್ ಕೆಲಸವೂ ಸಿಕ್ಕಿತು. ಮುಂದೆ 1981ರಲ್ಲಿ ಇನ್ಫೋಸಿಸ್ ಆರಂಭಕ್ಕೆ ಪತಿ ನಾರಾಯಣಮೂರ್ತಿಯವರಿಗೆ ಹತ್ತು ಸಾವಿರ ರೂಪಾಯಿ ಕೊಟ್ಟ ಸುಧಾ ಮೂರ್ತಿಯವರು ಇವರೇ. ಕಹಿಯಾದ ಕಾರ್ಡನ್ನೂ ಓದುವ ಯಜಮಾನನಿದ್ದರೆ ಕಂಪನಿ ತಿದ್ದಿಕೊಳ್ಳುತ್ತದೆ.

ಇನ್ನು ಕೆಲಸದ ಹೊತ್ತಿನ ಮಾತು. ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದ್ದು ದೊಡ್ಡ ಚರ್ಚೆಯಾಯಿತು. 1948ರ ಕಾರ್ಖಾನೆ ಕಾಯ್ದೆ ಗಿರಣಿ ಕಾರ್ಮಿಕನಿಗೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ನಾವೂ ಹಬ್ಬದ ಸೀಸನ್ನಿನಲ್ಲಿ ಗಂಟೆ ನೋಡದೆ ಅಂಗಡಿ ನಡೆಸಿದವರೇ. ಆದರೆ ಅಂಗಡಿ ನಮ್ಮದು, ಲಾಭವೂ ನಮ್ಮದು. ಬೇರೆಯವರ ಹೆಗಲಿಗೆ ಭಾರ ಹೊರಿಸುವಾಗ ಅಳತೆ ಬೇರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಅತಿಭಾರಾರೋಪಣವನ್ನೂ, ಅನ್ನಪಾನ ತಡೆಯುವುದನ್ನೂ ಅದರಲ್ಲಿ ಸೇರಿಸಿದೆ. ಎತ್ತಿಗಾಗಲಿ ಆಳಿಗಾಗಲಿ ಶಕ್ತಿ ಮೀರಿ ಹೊರಿಸಬಾರದು. ಎತ್ತಿಗೆ ಬಾಯಿಲ್ಲ. ಬಾಯಿದ್ದ ಮನುಷ್ಯನನ್ನೂ ಎತ್ತಿನಂತೆ ಮೂಕನಾಗಿಸುವ ಆಫೀಸು ಎಷ್ಟು ಪಗಾರ ಕೊಟ್ಟರೇನು?

ಆದ್ದರಿಂದ ಮುಂದಿನ ಹಬ್ಬಕ್ಕೆ ಮಗ, ಮಗಳು, ಸೊಸೆ, ಅಳಿಯ ಊರಿಗೆ ಬಂದಾಗ ಪಗಾರದ ಮಾತು ಆಮೇಲೆ ಇರಲಿ. ಮೊದಲು ಮೂರು ಪ್ರಶ್ನೆ ಕೇಳಿರಿ. ‘ಈ ಕೆಲಸ ಆಗುವುದಿಲ್ಲ’ ಎಂದು ಕಡೆಯ ಸಲ ಯಾವಾಗ ಹೇಳಿದೆ, ಆಮೇಲೆ ಏನಾಯಿತು? ತಪ್ಪಾದಾಗ ನಿನ್ನ ಮೇಲಿನವರು ಮೊದಲು ಕೇಳುವುದು ‘ಯಾರು’ ಎಂದೋ ‘ಹೇಗೆ’ ಎಂದೋ? ಸೂರ್ಯಾಸ್ತಕ್ಕೆ ಮುಂಚೆ ಊಟಕ್ಕೆ ಇಪ್ಪತ್ತು ನಿಮಿಷ ಏಳುತ್ತೇನೆಂದು ಸಂಕೋಚವಿಲ್ಲದೆ ಹೇಳಬಲ್ಲೆಯಾ?

ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ಬೇರೆ ಕೆಲಸ ನೋಡುವವರೆಗೆ ಬೆನ್ನಿಗೆ ನಿಲ್ಲಿರಿ. ‘ಮನೆಯ ಸಾಲವಿದೆ, ಜನ ಏನೆಂದಾರು’ ಎಂದು ನಾವೇ ಬಾಯಿ ಮುಚ್ಚಿಸಿದರೆ ಮಕ್ಕಳು ಹೇಳಿಕೊಳ್ಳುವುದು ಯಾರ ಮುಂದೆ? ಹಾಗೆಯೇ ನಮ್ಮ ಅಂಗಡಿಯ ದಿವಾಣಜಿ, ಹಮಾಲರು ಕಳೆದ ವರ್ಷದಲ್ಲಿ ನಮಗೆ ಒಂದಾದರೂ ಅಹಿತವಾದ ಸುದ್ದಿ ತಾವಾಗಿ ಹೇಳಿದ್ದಾರೆಯೇ ಎಂದು ನೆನಪಿಸಿಕೊಳ್ಳಬೇಕು. ಒಂದೂ ನೆನಪಾಗದಿದ್ದರೆ, ನಾಳೆ ಬೆಳಿಗ್ಗೆ ಅಂಗಡಿ ತೆರೆದ ಮೇಲೆ ಅವರನ್ನು ಕೂರಿಸಿಕೊಂಡು ಕೇಳುವುದು ಒಳ್ಳೆಯದು.