ಅಭಿಮಾನಕ್ಕೆ ಪುಟಸಂಖ್ಯೆ ಎಲ್ಲಿ?

ಕನ್ನಡದ ಯುವಕರೇ, ಯುವತಿಯರೇ,

ಇಂಗ್ಲಿಷ್ ವಿಕಿಪೀಡಿಯದಲ್ಲಿ ಹಲ್ಮಿಡಿ ಶಾಸನದ ಬಗ್ಗೆ ನೀವು ಒಂದು ಸಾಲು ಸೇರಿಸುತ್ತೀರಿ. ಯಾರೋ ಅಳಿಸುತ್ತಾರೆ. ನೀವು ಮತ್ತೆ ಹಾಕುತ್ತೀರಿ, ಅವರು ಮತ್ತೆ ಅಳಿಸುತ್ತಾರೆ. 24 ಗಂಟೆಯೊಳಗೆ 3 ಬಾರಿಗಿಂತ ಹೆಚ್ಚು ಈ ಹಗ್ಗಜಗ್ಗಾಟ ನಡೆಸಿದರೆ ನಿಮಗೇ ಬಾಗಿಲು ಬಂದ್ ಆಗಬಹುದು. ಆಗ ನಮ್ಮ ಕೂಗು ಶುರು: "ಕನ್ನಡದ್ವೇಷಿಗಳ ಪಿತೂರಿ!"

ಪಿತೂರಿಯೇ? ಆ ಸಾಲಿಗೆ ನೀವು ಯಾವ ಗ್ರಂಥದ ಆಧಾರ ಕೊಟ್ಟಿದ್ದಿರಿ? "ಎಲ್ಲರಿಗೂ ಗೊತ್ತು" ಎಂಬುದು ಆಧಾರವಲ್ಲ. ವಾಟ್ಸಾಪ್‌ನಲ್ಲಿ ಬಂದ ಚಿತ್ರ ಆಧಾರವಲ್ಲ. ಕಲ್ಲನ್ನೇ ತೋರಿಸಿದರೂ ಸಾಲದು! ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಕಲ್ಲಿನ ಮೇಲೆ ವರ್ಷ ಕೆತ್ತಿಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಕದಂಬ ಅರಸನ ಹೆಸರು, ಇವನ್ನೆಲ್ಲ ತೂಗಿ ನೋಡಿ ವಿದ್ವಾಂಸರು ಕ್ರಿ.ಶ. ಸುಮಾರು 450 ಎಂದರು. ಲೆಕ್ಕಾಚಾರ ಎಂದಮೇಲೆ ಭಿನ್ನಮತ ಇದ್ದೇ ಇರುತ್ತದೆ. ಯಾರು ಹೇಳಿದರು, ಯಾವ ಗ್ರಂಥದಲ್ಲಿ, ಎಷ್ಟನೇ ಪುಟದಲ್ಲಿ? ವಿಕಿಪೀಡಿಯ ಕೇಳುವುದು ಇಷ್ಟನ್ನೇ. ಭಿನ್ನಮತವನ್ನೂ ಆಧಾರಸಹಿತ ಬರೆದರೆ ಕನ್ನಡದ ಮಾನವೇನೂ ಹೋಗುವುದಿಲ್ಲ.

ಹಾಗೆಂದು ಎದುರು ಬಣದವರೆಲ್ಲ ಸಾಚಾಗಳಲ್ಲ. "ಇದು ಕನ್ನಡ ಪುಸ್ತಕ, ನನಗೆ ಓದಲು ಬರದು, ಆದ್ದರಿಂದ ನಂಬಲರ್ಹವಲ್ಲ" ಎನ್ನುವ ಮಹಾಶಯರೂ ಇದ್ದಾರೆ. ಇಂಥವರಿಗೆ ತಲೆಬಾಗಬೇಡಿ! ಅವರ ನಿಯಮವನ್ನೇ ಅವರ ಮುಂದೆ ಹಿಡಿಯಿರಿ. ಅಷ್ಟೇ ಗುಣಮಟ್ಟದ ಇಂಗ್ಲಿಷ್ ಆಕರ ಇದ್ದರೆ ಅದಕ್ಕೆ ಆದ್ಯತೆ. ಇಲ್ಲದಿದ್ದರೆ ಯಾವ ಭಾಷೆಯ ಆಕರವೂ ಸಲ್ಲುತ್ತದೆ. ಅಂತರಜಾಲದಲ್ಲಿ ಸಿಗದೆ ಗ್ರಂಥಾಲಯದಲ್ಲಿ ಮಾತ್ರ ಇರುವ ಪುಸ್ತಕವೂ ಸಲ್ಲುತ್ತದೆ. ಸಂಶಯ ಬಂದರೆ ಮೂಲವಾಕ್ಯವನ್ನೂ ಅನುವಾದವನ್ನೂ ಕೇಳುವ ಹಕ್ಕು ಅವರಿಗುಂಟು. ಓದಲು ಬರುವುದಿಲ್ಲವೆಂದು ಕಸದ ಬುಟ್ಟಿಗೆ ಎಸೆಯುವ ಹಕ್ಕಿಲ್ಲ!

ನಿಜವಾದ ಅನ್ಯಾಯ ಬೇರೆ ಕಡೆ ಇದೆ. ಮಂಟೇಸ್ವಾಮಿಯನ್ನು ಹಾಡುವ ನೀಲಗಾರರು, ಮಾದೇಶ್ವರನನ್ನು ಹಾಡುವ ದೇವರಗುಡ್ಡರು ರಾತ್ರಿಯಿಡೀ ಹೇಳುವಷ್ಟು ಬಲ್ಲರು. ಅದರಲ್ಲಿ ಅಚ್ಚಾಗದ ಭಾಗ ವಿಕಿಪೀಡಿಯದ ಪಾಲಿಗೆ ಇಲ್ಲವೇ ಇಲ್ಲ! 2011ರಲ್ಲಿ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕಾದ ಉತ್ತರ ಸೋಥೋ ಭಾಷೆಗಳಲ್ಲಿ ಜನರ ಮಾತನ್ನು ಧ್ವನಿಮುದ್ರಿಸಿ ಆಧಾರವಾಗಿ ಬಳಸುವ ಪ್ರಯೋಗ ನಡೆಯಿತು. ಆದರೂ ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂದಿಗೂ ಪ್ರಕಟವಾದ ಆಕರವೇ ಕಾನೂನು. ಈ ನಿಯಮದ ವಿರುದ್ಧ ವಾದಿಸಿ, ಖಂಡಿತ ವಾದಿಸಿ. ಆದರೆ ವಾದ ಗೆಲ್ಲುವವರೆಗೆ ಹಾಡುಗಾರರು ಕಾಯುವುದಿಲ್ಲ. ಸಂಗ್ರಹಿಸಿ, ಅಚ್ಚು ಹಾಕಿಸಿ!

ನಮ್ಮ ಮನೆಯ ಒಳಗೂ ಕಣ್ಣು ಹಾಯಿಸೋಣ. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯದಲ್ಲೇ ಆಧಾರವಿಲ್ಲದ ಲೇಖನಗಳಿವೆ. ಅಲ್ಲಿನ ಆಧಾರವಿಲ್ಲದ ಒಂದು ಸಾಲನ್ನು ಪತ್ರಿಕೆಯೊಂದು ಎತ್ತಿ ಅಚ್ಚು ಹಾಕಿತೆನ್ನಿ. ನಾಳೆ ಅದೇ ಪತ್ರಿಕೆ ಆ ಸಾಲಿಗೆ ಆಧಾರವಾಗಿ ಬಂದು ಕೂರುತ್ತದೆ. ಕಳ್ಳನಿಗೆ ಕಳ್ಳನೇ ಜಾಮೀನು! ಪ್ರಕಾಶಕರೇ, ನೀವೂ ಕೇಳಿ: ಪದಸೂಚಿ ಇಲ್ಲದ ಸಂಶೋಧನ ಗ್ರಂಥದಲ್ಲಿ ಹುಡುಗರು ಪುಟ ಹುಡುಕುವುದು ಹೇಗೆ?

ಗೆಳೆಯರೇ, ಇದು ಬರೀ ಹವ್ಯಾಸಿಗಳ ಜಗಳವಲ್ಲ. ಶಾಲೆಯ ಮಕ್ಕಳು, ವರದಿಗಾರರು, ಈಗ ಪ್ರಶ್ನೆಗೆ ಉತ್ತರ ಹೇಳುವ ಯಂತ್ರಗಳು ಕೂಡ ಇದೇ ಬಾವಿಯ ನೀರು ಕುಡಿಯುತ್ತಿವೆ. ಇಲ್ಲಿ ಕನ್ನಡದ ಆಕರ ಇಲ್ಲವಾದರೆ ಕನ್ನಡದ ಕಥೆಯನ್ನು ಬೇರೆಯವರು ಬರೆಯುತ್ತಾರೆ, ನಮ್ಮ ಮಕ್ಕಳು ಅದನ್ನೇ ಓದುತ್ತಾರೆ.

ಬಿ.ಎಲ್. ರೈಸ್ ಆರಂಭಿಸಿದ 'ಎಪಿಗ್ರಾಫಿಯಾ ಕರ್ನಾಟಿಕ'ದ ಸಂಪುಟಗಳಿವೆ. ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ವಿಶ್ವಕೋಶ'ದ 14 ಸಂಪುಟಗಳಿವೆ. ಹಿರಿಯರು ಬೆವರು ಸುರಿಸಿ ಕೂಡಿಟ್ಟ ಆಸ್ತಿ ಇದು. ಈ ವಾರವೇ ಗ್ರಂಥಾಲಯಕ್ಕೆ ಹೋಗಿ. ನಿಮ್ಮ ಊರಿನ ಒಂದು ಶಾಸನ, ಒಂದು ಕೆರೆ, ಒಂದು ಗುಡಿ ಆರಿಸಿಕೊಳ್ಳಿ. ಗ್ರಂಥದ ಹೆಸರು, ಲೇಖಕರು, ವರ್ಷ, ಪುಟ ಬರೆದುಕೊಂಡು ಬನ್ನಿ. ಆಮೇಲೆ ಸಾಲು ಸೇರಿಸಿ. ಆಗ ಅಳಿಸುವವನು ನಿಮಗೆ ಉತ್ತರ ಕೊಡಬೇಕು!